ಕೂಸು ತೂಗುವ ಪರವಾನಗಿ

ಡಾಕ್ಟರಬಾಯಿ ಹಾನಗಲ್ಲಿಗೆ ಬಂದದ್ದು ಐವತ್ತಾರನೆಯ ಇಸವಿಯ ಬೇಸಿಗೆಯಲ್ಲಿ. ಪುಣೆಯ ವೈದ್ಯಕೀಯ ಕಾಲೇಜೊಂದರಲ್ಲಿ ಕಲಿಸುತ್ತಿದ್ದ ಅವರಿಗೆ, ನಮ್ಮ ಕಡೆಯ ಹೆಂಗಸರು ಬಸುರಿದ್ದಾಗ ಏನು ಉಣ್ಣುತ್ತಾರೆ, ಹುಟ್ಟಿದಾಗ ಅವರ ಕೂಸುಗಳ ತೂಕ ಎಷ್ಟಿರುತ್ತದೆ ಎಂಬುದನ್ನು ತಿಳಿಯಬೇಕಾಗಿತ್ತು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಮರಾಠಿ ಬಲ್ಲ, ನಾಲ್ಕಕ್ಷರ ಕಲಿತ ಹೆಣ್ಣುಮಗಳು ಯಾರಾದರೂ ಜೊತೆಗೆ ಸಿಗುತ್ತಾರೇನು ಎಂದು ಶಾಲೆಯಲ್ಲಿ ವಿಚಾರಿಸಿದಾಗ, ಅಲ್ಲಿ ಮಾಸ್ತರರಾಗಿದ್ದ ನಮ್ಮ ಮನೆಯವರು ನನ್ನನ್ನೇ ಮುಂದೆ ಮಾಡಿದರು. ನಾನು ಬೆಳಗಾವಿಯಲ್ಲಿ ಬೆಳೆದವಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಮರಾಠಿ ನನಗೆ ಓಣಿಯಲ್ಲಿ ಆಡುತ್ತಾಡುತ್ತ ಬಂದ ಮಾತು.

ಅತ್ತೆಗೆ ಈ ಕೆಲಸ ಏನೆಂದು ತಿಳಿಸಿ ಹೇಳುವುದೇ ಕಷ್ಟವಾಯಿತು.

“ಹುಟ್ಟಿದ ಕೂಸು ತೂಗೂದ್ರಿ. ಸರಕಾರದ ಪರವಾನಗಿನೂ ಐತಿ” ಎಂದೆ.

“ತೊಟ್ಟಿಲಾ ತೂಗಾಕ ಪುಣೆದಿಂದ ಡಾಕ್ಟರ ಬರಬೇಕೇನ? ಅದಕ್ಕ ಸರಕಾರದ ಪರವಾನಗಿ ಬ್ಯಾರೆ!”

“ತೊಟ್ಟಿಲದಾಗ ಅಲ್ಲರಿ, ತಕ್ಕಡ್ಯಾಗ.”

ಅತ್ತೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. “ಕೂಸೇನು ಮೆಣಸಿನಕಾಯೇನು?” ಎಂದರು. ಆದರೆ ಬೇಡವೆನ್ನಲಿಲ್ಲ. ಮಗ ಒಪ್ಪಿದ್ದಾನೆಂದ ಮೇಲೆ ಅವರು ಬೇಡವೆನ್ನುವವರೂ ಅಲ್ಲ.

ಹಾನಗಲ್ಲಿನ ದವಾಖಾನೆಯ ಡಾಕ್ಟರು ನಿವೃತ್ತಿಗೆ ಬಂದಿದ್ದ ಸಾಧು ಮನುಷ್ಯ. ಡಾಕ್ಟರಬಾಯಿ ತಂದಿದ್ದ ಪರವಾನಗಿಯನ್ನು ಕನ್ನಡಕ ಹಣೆಗೇರಿಸಿ ಓದಿದರು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆಯ ದವಾಖಾನೆಗಳಲ್ಲಿ ಕೆಲಸ ಮಾಡಬಹುದೆಂದು ಮುಂಬಯಿ ಸರಕಾರದ ದೊಡ್ಡ ಅಧಿಕಾರಿಗಳು ಅದರಲ್ಲಿ ಬರೆದಿದ್ದರು. “ಮತ್ತೇನು, ಸುರು ಮಾಡ್ರಿ” ಎಂದರು. ಅಷ್ಟೇ. ಪರವಾನಗಿ ಎಂದರೆ ಇಷ್ಟು ಸರಳ ಎಂದು ನಾನು ಅಂದುಕೊಂಡೆ.

ತಗಡಿನ ಅಗಲ ತಟ್ಟೆಯಿದ್ದ ತಕ್ಕಡಿಯನ್ನು ಅವರು ಪುಣೆಯಿಂದಲೇ ತಂದಿದ್ದರು. ಬಾಣಂತಿ ಖೋಲಿಯ ಕಿಟಕಿಯ ಕೆಳಗೆ ಅದನ್ನಿಟ್ಟೆವು. ಕೂಸು ಹುಟ್ಟಿ ಒರೆಸಿದ ಮೇಲೆ ನರ್ಸಬಾಯಿ ಅದನ್ನು ಎತ್ತಿಕೊಂಡು ಬಂದು, ಮೆತ್ತನೆಯ ಬಟ್ಟೆ ಹಾಸಿದ ತಟ್ಟೆಯಲ್ಲಿ ಮಲಗಿಸುತ್ತಿದ್ದಳು. ಆಮೇಲೆ ನಾನು ತಾಯಿಯ ಹತ್ತಿರ ಕೂತು ಏನು ಉಂಡೆ, ಜ್ವಾಳದ ರೊಟ್ಟಿಯೋ ನವಣಿಯೋ, ಹಾಲು ಸಿಗುತ್ತಿತ್ತೋ ಇಲ್ಲವೋ ಎಂದು ಕೇಳುತ್ತಿದ್ದೆ. ಕೂಸನ್ನು ತೂಗಬಹುದೇ ಎಂದು ನಾವು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಬೇಕೆಂದು ನಮಗೆ ಹೊಳೆದೂ ಇರಲಿಲ್ಲ.

ಒಂದು ದಿನ ಚೊಚ್ಚಲ ಬಾಣಂತಿಯೊಬ್ಬಳು, ಹೊಲಮನಿ ಇದ್ದ ಅನುಕೂಲಸ್ಥರ ಸೊಸೆ, ತಟ್ಟೆಯಲ್ಲಿ ಕೈಕಾಲು ಬಡಿಯುತ್ತಿದ್ದ ತನ್ನ ಮಗುವನ್ನು ನೋಡುತ್ತ ನನ್ನನ್ನು ಕೇಳಿದಳು: “ಯಾಕ ತೂಗ್ತೀರಿ, ಅಕ್ಕಾರ?”

“ಸರಕಾರದ ಪರವಾನಗಿ ಐತವ್ವ” ಎಂದೆ.

ಯಾಕೆ ಎಂದು ಕೇಳಿದವಳಿಗೆ ಅದು ಉತ್ತರವಾಗಿರಲಿಲ್ಲ. ಅವಳು ಅದನ್ನು ಬಿಟ್ಟು ಇನ್ನೊಂದು ಕೇಳಿದಳು: “ನಿಮ್ಮ ಕೂಸು ತೂಗಿದ್ರ್ಯಾ?”

ನನ್ನ ಕೂಸು ನಮ್ಮ ಮನೆಯ ನಡುಮನೆಯಲ್ಲಿ ಹುಟ್ಟಿತ್ತು. ಒಂದು ವಾರವೂ ಉಳಿಯಲಿಲ್ಲ. ಹೆಸರಿಡುವುದಕ್ಕೂ ಆಗಿರಲಿಲ್ಲ. ಅದರ ತೂಕ ಎಷ್ಟಿತ್ತೆಂದು ಯಾರಿಗೆ ಗೊತ್ತು! “ಇಲ್ಲ” ಎಂದೆ. ಅವಳು ನರ್ಸಬಾಯಿಯ ಕಡೆ ಎರಡೂ ಕೈ ಚಾಚಿ ತನ್ನ ಕೂಸನ್ನು ಇಸಿದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಅಂದು ಮನೆಗೆ ಬಂದು ಅತ್ತೆಯನ್ನು ಕೇಳಿದೆ. “ನಮ್ಮ ಕೂಸು ಬಾಳ ಸಣ್ಣದಿತ್ತೇನ್ರಿ?”

ಅತ್ತೆ ಒಲೆಯ ಮುಂದೆ ಕೂತಿದ್ದರು. ಕಟ್ಟಿಗೆಯನ್ನು ಒಳಗೆ ನೂಕಿದರು. “ಕೈಯಾಗ ಹಗೂರಿತ್ತು. ಈಗ್ಯಾಕ ಅದು? ತೂಗಿದ್ರ ಉಳೀತಿತ್ತೇನ?” ಎಂದರು.

ಮರುದಿನ ಅದೇ ಪ್ರಶ್ನೆಯನ್ನು ಡಾಕ್ಟರಬಾಯಿಗೆ ಒಪ್ಪಿಸಿದೆ. ಅವರ ಮರಾಠಿಯನ್ನು ನನಗೆ ತಿಳಿದ ಹಾಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ. “ನನಗೂ ಗೊತ್ತಿಲ್ಲವ್ವ. ಗೊತ್ತಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆ?” ಎಂದರು. ಸಮಾಧಾನ ಹೇಳಬೇಕೆಂದು ಸುಳ್ಳು ಹೇಳುವ ಸ್ವಭಾವ ಅವರದಲ್ಲ. ಆ ಹೊತ್ತಿನಲ್ಲಿ ಒಂದು ಸುಳ್ಳು ಹೇಳಿದ್ದರೆ ಚೆನ್ನಾಗಿತ್ತೆಂದು ನನಗೆ ಅನ್ನಿಸಿತು.

ಮಳೆಗಾಲ ಮುಗಿದು ದೀಪಾವಳಿಯ ಹೊತ್ತಿಗೆ, ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಭಾಗವೂ ಸೇರಿ, ಕನ್ನಡ ನಾಡೆಲ್ಲ ಒಂದೇ ಮೈಸೂರು ರಾಜ್ಯವಾಯಿತು. ಶಾಲೆಯಲ್ಲಿ ಮಕ್ಕಳಿಗೆ ಪೇಢೆ ಹಂಚಿದರು. ನಮ್ಮ ಮನೆಯವರು ಹೊಸ ಧೋತರ ಉಟ್ಟು ಮೆರವಣಿಗೆಗೆ ಹೋಗಿ, ಕೂಗಿ ಕೂಗಿ ಗಂಟಲು ಕೆಡಿಸಿಕೊಂಡು ಬಂದರು. ನನಗೂ ಖುಷಿಯೇ. ಕನ್ನಡದವರೆಲ್ಲ ಒಂದು ಮನೆಯವರಾದೆವು ಎಂಬುದು ಯಾರಿಗೆ ಬೇಡ? ಆದರೆ ಹಬ್ಬ ಮುಗಿದು ನಾವು ದವಾಖಾನೆಗೆ ಹೋದಾಗ ಹಿರಿಯ ಡಾಕ್ಟರು ನಮ್ಮಿಬ್ಬರನ್ನೂ ಕುರ್ಚಿಯಲ್ಲಿ ಕೂಡಿಸಿ, ಚಹಾ ತರಿಸಿದರು. ಎಂದೂ ಚಹಾ ತರಿಸದವರು ತರಿಸಿದಾಗಲೇ ನನಗೆ ಅನುಮಾನ ಬಂತು.

“ಬಾಯಿಯವರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಪರವಾನಗಿ ಮುಂಬಯಿ ಸರಕಾರದ್ದು. ಈ ದವಾಖಾನಿ ಈಗ ಮೈಸೂರು ಸರಕಾರದ್ದು.”

ನಾನು ಮರಾಠಿಯಲ್ಲಿ ಹೇಳಿದೆ. ಡಾಕ್ಟರಬಾಯಿ ಸುತ್ತಲೂ ನೋಡಿದರು. ಅದೇ ಗೋಡೆ, ಅದೇ ಔಷಧದ ಕಪಾಟು, ಬಾಗಿಲಲ್ಲಿ ಅದೇ ಕಂಪೌಂಡರ್. “ಎಲ್ಲಾ ಮೊದಲಿದ್ದ ಹಂಗ ಐತೆಲ್ರಿ ಅಂತಾರ” ಎಂದು ಅವರ ಮಾತನ್ನು ದಾಟಿಸಿದೆ.

“ಹಂಗ ಕಾಣಸ್ತದ ಖರೆ. ಆದ್ರ ನಾನೂ ಈಗ ಯಾರವ ಅಂತ ನನಗ ತಿಳಿವಲ್ದು. ನನ್ನ ಪೆನ್ಶನ್ ಮುಂಬಯಿದವರು ಕೊಡ್ತಾರೋ ಬೆಂಗಳೂರದವರು ಕೊಡ್ತಾರೋ, ಕೇಳಿದ್ರ ಒಬ್ಬರೂ ಹೇಳವಲ್ಲರು. ಇಂಥಾದ್ರಾಗ ನಾ ನಿಮಗ ಹೆಂಗ ಹೂಂ ಅನ್ನಲಿ?”

ಅವರು ನಮ್ಮನ್ನು ಹೊರಗೆ ಹಾಕಲಿಲ್ಲ. ಇರಿ ಎನ್ನಲೂ ಇಲ್ಲ. ತಕ್ಕಡಿಯನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ನಾವು ಮನೆಗೆ ತಂದೆವು.

ಅಲ್ಲಿಂದ ನಮ್ಮ ತಿರುಗಾಟ ಸುರುವಾಯಿತು. ಶಿಗ್ಗಾಂವಿಯಲ್ಲಿ ಡಾಕ್ಟರು ಹೇಳಿದರು: “ನಮ್ಮದು ಲೋಕಲ್ ಬೋರ್ಡಿನ ದವಾಖಾನಿ, ನೇರ ಸರಕಾರದ್ದಲ್ಲ. ಮುಂಬಯಿ ಪರವಾನಗಿನೂ ಲಾಗೂ ಇಲ್ಲ, ಮೈಸೂರಿಂದೂ ಲಾಗೂ ಇಲ್ಲ. ಬೋರ್ಡಿನವರನ್ನ ಕೇಳ್ರಿ.” ಬೋರ್ಡಿನ ಮುಖಂಡರ ಮನೆಗೆ ಹೋದೆವು. ಅವರು ನಮಗೆ ಊಟಕ್ಕೆ ಹಾಕಿಸಿ, “ಕೂಸು ಬಾಣಂತಿ ಅಂದ್ರ ಡಾಕ್ಟರ ಸಂಬಂಧ. ಬೋರ್ಡಿಗೆ ಕಟ್ಟಡದ್ದಷ್ಟ ಸಂಬಂಧ” ಎಂದರು. ಧಾರವಾಡಕ್ಕೆ ಹೋದೆವು. ಅಲ್ಲಿಯ ಜಿಲ್ಲಾ ಕಚೇರಿಯ ಗುಮಾಸ್ತರು ಬೆಂಗಳೂರಿಗೆ ಬರೆಯಿರಿ ಎಂದರು.

“ಬೆಂಗಳೂರಾಗ ಯಾರಿಗ್ರಿ?” ಎಂದೆ.

“ಅದನ್ನ ನಾವೂ ಕೇಳಿ ಬರದೇವ್ರಿ. ಉತ್ತರ ಬಂದಿಲ್ಲ.”

ಬರುವಾಗ ಬಸ್ಸಿನಲ್ಲಿ ಡಾಕ್ಟರಬಾಯಿ ಹಳೆಯ ಪರವಾನಗಿಯನ್ನು ಬಿಚ್ಚಿ ಮತ್ತೊಮ್ಮೆ ಓದಿದರು. ನನಗಂತೂ ತಲೆ ಗಿರ್ರೆನ್ನುತ್ತಿತ್ತು. ಯಾರೂ ಬೇಡವೆಂದಿರಲಿಲ್ಲ. ಎಲ್ಲರೂ ಒಳ್ಳೆಯವರೇ. ಎಲ್ಲರೂ ಚಹಾ ಕೊಟ್ಟಿದ್ದರು. ಬೇಡವೆಂದವರು ಒಬ್ಬರಿದ್ದಿದ್ದರೆ ಅವರ ಜೊತೆ ಜಗಳವನ್ನಾದರೂ ಮಾಡಬಹುದಾಗಿತ್ತು.

ಡಾಕ್ಟರಬಾಯಿ ಬೆಂಗಳೂರಿಗೆ ಬರೆದರು. ಉತ್ತರ ಬರುವತನಕ ಸುಮ್ಮನೆ ಕೂಡುವುದು ಅವರಿಂದ ಆಗಲಿಲ್ಲ. ಸವಣೂರಿನ ಡಾಕ್ಟರು ಹೊಸದಾಗಿ ನೌಕರಿಗೆ ಸೇರಿದ ತರುಣ. ಅವರು ಒಂದು ಹಾದಿ ಹೇಳಿದರು. “ಒಳಗ ಬರಬ್ಯಾಡ್ರಿ. ಜಗಲಿ ಮ್ಯಾಲೆ ಕುಂದ್ರಾಕ ಯಾರ ಪರವಾನಗಿನೂ ಬೇಕಾಗಿಲ್ಲ. ಅಲ್ಲೆ ಕುಂತು ಮಾತಾಡಸ್ರಿ.”

ಹಾಗಾಗಿ ನಾವು ಸವಣೂರಿನಲ್ಲಿ ಒಂದು ಖೋಲಿ ಹಿಡಿದು, ದಿನಾ ದವಾಖಾನೆಯ ಜಗಲಿಯ ಮೇಲೆ ಕೂಡತೊಡಗಿದೆವು. ಎಲೆ ಬಳ್ಳಿಯ ತೋಟಗಳಲ್ಲಿ ಕೆಲಸ ಮಾಡುವ ಹೆಂಗಸರು ಬರುತ್ತಿದ್ದರು, ಹಳ್ಳಿಯ ಒಕ್ಕಲಗಿತ್ತಿಯರು ಬರುತ್ತಿದ್ದರು. ಉಂಡದ್ದು ತಿಂದದ್ದು ಕೇಳುವುದು, ಅವರು ಕೊಟ್ಟ ಎಲೆಅಡಿಕೆ ಹಾಕಿಕೊಳ್ಳುವುದು. ಕೆಲವರು ನಮ್ಮನ್ನು ಔಷಧದ ಚೀಟಿ ಕೊಡುವವರೆಂದು ತಿಳಿದು ಕೈಚಾಚುತ್ತಿದ್ದರು. ನಾವು ಸರಕಾರದವರೋ ಅಲ್ಲವೋ ಎಂದು ಅವರು ಕೇಳಿದರೆ ನನ್ನ ಬಾಯಿಂದ ಒಮ್ಮೆ ಹೌದು, ಒಮ್ಮೆ ಅಲ್ಲ ಎಂದು ಬರುತ್ತಿತ್ತು.

ಅಂಥದೇ ಒಂದು ಮಧ್ಯಾಹ್ನ. ಡಾಕ್ಟರು ಹಳ್ಳಿಯೊಂದಕ್ಕೆ ಚುಚ್ಚುಮದ್ದು ಹಾಕಲು ಹೋಗಿದ್ದರು. ಒಳಗೆ ಹೆರಿಗೆ ನಡೆದಿತ್ತು. ಹೆರುವವಳ ತಾಯಿ, ಎತ್ತರದ ಗಟ್ಟಿ ಆಳಿನ ಮುದುಕಿ, ಬಾಗಿಲಿಗೆ ಒರಗಿ ನಿಂತು ತುಟಿಯಲ್ಲೇ ಏನೋ ಜಪಿಸುತ್ತಿದ್ದಳು. ಒಮ್ಮೆಲೇ ನರ್ಸಬಾಯಿ ಓಡಿ ಬಂದಳು.

“ಬಾಯಿಯವರ, ಕೂಸು ಬಂತು, ಅಳವಲ್ದು! ನೀಲಿ ಆಗೇತಿ! ಬರ್ರಿ!”

ಕನ್ನಡ ಬಾರದಿದ್ದರೂ ಡಾಕ್ಟರಬಾಯಿಗೆ ಅರ್ಥವಾಯಿತು. ದಡಬಡಿಸಿ ಎದ್ದವರು ಹೊಸ್ತಿಲ ತನಕ ಹೋಗಿ, ಅಲ್ಲಿ ನಿಂತುಬಿಟ್ಟರು. ಒಳಗೆ ಬರಬ್ಯಾಡ್ರಿ ಎಂದು ಹೇಳಿಸಿಕೊಂಡಿದ್ದ ಹೊಸ್ತಿಲು ಅದು. ಅವರು ತಿರುಗಿ ನನ್ನ ಮುಖ ನೋಡಿದರು.

“ನಾನು ಹೋಗಲೇ?” ಎಂದು ಮರಾಠಿಯಲ್ಲಿ ಕೇಳಿದರು.

ಯಾರನ್ನು ಕೇಳುತ್ತಿದ್ದಾರೆಂದು ನಾನು ಹಿಂದೆ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಮುಂಬಯಿಯವರಿಗೆ, ಧಾರವಾಡದವರಿಗೆ, ಬೋರ್ಡಿನವರಿಗೆ, ಬೆಂಗಳೂರಿನವರಿಗೆ ಕೇಳಿದ ಮಾತನ್ನು ಈಗ ಅವರು ಮುಲ್ಕಿ ಪಾಸಾದ ಮಾಸ್ತರರ ಹೆಂಡತಿಯನ್ನು ಕೇಳುತ್ತಿದ್ದರು.

“ಹೋಗ್ರಿ!” ಎಂದೆ. ಕನ್ನಡದಲ್ಲೇ ಅಂದೆ.

ಅವರು ಹೋದರು. ನಾನೂ ಹಿಂದೆಯೇ ಹೋದೆ. ಕೂಸು ಮೇಜಿನ ಮೇಲೆ ಅರಿವೆಯ ಗಂಟಿನಂತೆ ಬಿದ್ದಿತ್ತು. ಡಾಕ್ಟರಬಾಯಿ ಬೆರಳಿಗೆ ಬಟ್ಟೆ ಸುತ್ತಿ ಅದರ ಬಾಯೊಳಗಿನ ಲೋಳೆ ತೆಗೆದರು, ಬೆನ್ನು ತಿಕ್ಕಿದರು, ಅಂಗಾಲಿಗೆ ತಟ್ಟಿದರು. ಏನೂ ಆಗಲಿಲ್ಲ. ಆಗ ಅವರು ಬಗ್ಗಿ, ಅದರ ಮೂಗು ಬಾಯಿ ಎರಡನ್ನೂ ತಮ್ಮ ಬಾಯಿಂದ ಮುಚ್ಚಿ ಮೆಲ್ಲಗೆ ಉಸಿರು ಊದಿದರು. ನಾನು ಅಂಥದನ್ನು ಕಂಡಿರಲಿಲ್ಲ. ಮುದುಕಿ ಒಳಗೆ ಬಂದು ನನ್ನ ತೋಳು ಹಿಡಿದಿದ್ದಳು. ಉಗುರು ನಾಟಿದ್ದು ನನಗೆ ಆಮೇಲೆ ತಿಳಿಯಿತು. ಎಷ್ಟು ಹೊತ್ತಾಯಿತೋ, ಬೆಕ್ಕಿನ ಮರಿ ಕೂಗಿದ ಹಾಗೆ ಒಂದು ಸಣ್ಣ ದನಿ ಬಂತು. ಆಮೇಲೆ ಅದು ಅತ್ತ ಅಳು ಬಾಗಿಲಾಚೆಯ ಬೇವಿನ ಗಿಡದ ಕೆಳಗೆ ಕೂತವರಿಗೂ ಕೇಳಿಸಿತಂತೆ.

ಡಾಕ್ಟರಬಾಯಿ ಜಗಲಿಗೆ ಬಂದು ಕೂತರು. ಮುದುಕಿ ಬಂದು ಅವರ ಕಾಲು ಹಿಡಿದಳು. “ನೀ ಯಾರ ಮಗಳೋ ತಾಯಿ, ನಿನ್ನ ಹೊಟ್ಟಿ ತಣ್ಣಗಿರಲಿ” ಎಂದಳು. ಡಾಕ್ಟರಬಾಯಿ ಅವಳನ್ನು ಎಬ್ಬಿಸಿದರು. ತಕ್ಕಡಿ ನಮ್ಮ ಜೊತೆಯಲ್ಲೇ ಗಂಟು ಕಟ್ಟಿಕೊಂಡು ಇತ್ತು. ಸ್ವಲ್ಪ ಹೊತ್ತು ಬಿಟ್ಟು, ಸಂಕೋಚಪಡುತ್ತ, “ಕೂಸನ್ನು ಒಮ್ಮೆ ತೂಗಲೇ, ಕೇಳಿ ನೋಡು” ಎಂದು ನನಗೆ ಹೇಳಿದರು. ನಾನು ಕೇಳಿದೆ.

ಮುದುಕಿಯ ಮುಖದ ಮೇಲಿನ ನಗೆ ಹೋಯಿತು. “ಅದೊಂದು ಬ್ಯಾಡ್ರೆವ್ವ” ಎಂದಳು.

“ಯಾಕ ಆಯಿ?”

“ಹುಲಗೂರ ದರ್ಗಾಕ್ಕ ಹರಕಿ ಹೊತ್ತೇನಿ. ನನ್ನ ಮಗಳಿಗೆ ಮೊದಲ ಎರಡು ಹೋಗ್ಯಾವು. ಇದು ಉಳದ್ರ, ಕೂಸಿನ ತೂಕದ ಸಕ್ಕರಿ ಕೊಟ್ಟು ಓದಸ್ತೇನಿ ಅಂತ ಹೇಳಿಕೊಂಡೇನಿ. ಮೊದಲ ಅಲ್ಲೆ ತೂಗಬೇಕು. ಅಲ್ಲೆ ತೂಗಿದ ಮ್ಯಾಲೆ ನೀವು ದಿನಾ ತೂಗ್ರಿ, ನಾ ಬ್ಯಾಡ ಅನ್ನೂದಿಲ್ಲ.”

ನಾನು ಮರಾಠಿಯಲ್ಲಿ ಹೇಳಿದೆ. ಡಾಕ್ಟರಬಾಯಿ ಆಗಲೆಂದು ತಲೆಯಾಡಿಸಿದರು. ಆ ಕೂಸಿಗೆ ಉಸಿರು ಕೊಟ್ಟವರು ಅವರು. ಅದರ ತೂಕ ಕೇಳುವ ಹಕ್ಕು ಅವರಿಗಿಲ್ಲವೇ ಎಂದು ನನಗೆ ಸಿಟ್ಟು ಬಂತು. ಮುದುಕಿಯ ಮೇಲೆ ಬಂತೋ, ದರ್ಗಾದ ಮೇಲೋ, ತಲೆಯಾಡಿಸಿದ ಡಾಕ್ಟರಬಾಯಿಯ ಮೇಲೋ, ತಿಳಿಯಲಿಲ್ಲ. ಎರಡು ಕೂಸು ಹೋಗ್ಯಾವು ಎಂದ ಮುದುಕಿಯ ದನಿ ನೆನಪಾಗಿ ಆ ಸಿಟ್ಟೂ ನಿಲ್ಲಲಿಲ್ಲ.

ಸಂಜೆ ತರುಣ ಡಾಕ್ಟರು ಬಂದರು. ನರ್ಸಬಾಯಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

“ಕೂಸು ಉಳಿಸಿದ್ದು ಭಾಳ ಛಲೋ ಆತ್ರಿ. ಆದ್ರ ನೀವು ಒಳಗ ಹೋಗಿದ್ದು ಛಲೋ ಆಗಲಿಲ್ಲ. ಒಳಗ ಹೋಗಲಾರದ ಹೆಂಗ ಉಳಸತಿದ್ರಿ ಅಂತ ಕೇಳಿದ್ರ… ನನಗೂ ತಿಳಿವಲ್ದು. ಮ್ಯಾಲಿನವರು ಕೇಳಿದ್ರ ಏನ್ ಹೇಳ್ಲಿ?”

“ನರ್ಸಬಾಯಿ ಕರೆದಳು ಅಂತ ಹೇಳ್ರಿ” ಎಂದೆ.

“ಆಕಿ ನೌಕರಿಗೆ ಕುತ್ತು ಬರ್ತದಲ್ರಿ.”

ಕಡೆಗೆ ಅವರು, ಕೂಸು ಸ್ವಲ್ಪ ತಡವಾಗಿ ತಾನಾಗಿಯೇ ಅತ್ತಿತು ಎಂದು ಬರೆದುಕೊಂಡರು. ಬರೆದಾದ ಮೇಲೆ ಡಾಕ್ಟರಬಾಯಿಗೆ ಎದ್ದು ನಿಂತು ಕೈಮುಗಿದರು.

ಕೂಸು ಬದುಕಿತು. ಚಳಿ ಕಡಿಮೆಯಾದ ಮೇಲೆ ಒಂದು ಗುರುವಾರ ಮುದುಕಿ ನಮಗೆ ಹೇಳಿ ಕಳಿಸಿದಳು. ನಾವು ಅವರ ಎತ್ತಿನ ಚಕ್ಕಡಿಯಲ್ಲೇ ಹುಲಗೂರಿಗೆ ಹೋದೆವು. ದರ್ಗಾದ ಹೊರಗಿನ ಅಂಗಡಿಯಾತ ದೊಡ್ಡ ತಕ್ಕಡಿಯನ್ನು ಗಿಡದ ಟೊಂಗೆಗೆ ತೂಗಹಾಕಿದ. ಒಂದು ತಟ್ಟೆಯಲ್ಲಿ ಮೆತ್ತನೆಯ ಕೌದಿ ಹಾಸಿ ಕೂಸನ್ನು ಮಲಗಿಸಿದರು. ಇನ್ನೊಂದಕ್ಕೆ ಅಷ್ಟೇ ಭಾರದ ಕೌದಿ ಹಾಕಿ, ಅದರ ಮೇಲೆ ಸಕ್ಕರೆ ಸುರುವಿದರು. ಮುಲ್ಲಾ ಸಾಹೇಬರು ಸಕ್ಕರೆಯ ಮೇಲೆ ಫಾತಿಹಾ ಓದಿದರು. ಕೂಸು ಅತ್ತಲಾಗಿ ಇತ್ತಲಾಗಿ ಓಲಾಡುತ್ತ ಎಲೆಗಳನ್ನು ನೋಡಿ ನಗುತ್ತಿತ್ತು. ಮುಂದೆ ಬಗ್ಗಿ ಕೂತಿದ್ದ ಡಾಕ್ಟರಬಾಯಿ ಚಪ್ಪಾಳೆ ತಟ್ಟಿಬಿಟ್ಟರು. ಅಂಗಡಿಯಾತ ಸಕ್ಕರೆ ಎಷ್ಟು ಸೇರೆಂದು ಕೂಗಿ ಹೇಳಿದ. ಬರೆದುಕೊಳ್ಳುತ್ತಾರೆಂದು ನಾನು ಪೆನ್ಸಿಲು ತೆಗೆದೆ.

“ಬೇಡ. ಹುಟ್ಟಿದ ದಿನದ್ದಾದರೆ ಮಾತ್ರ ನಮ್ಮ ಲೆಕ್ಕಕ್ಕೆ ಬರುತ್ತದೆ. ಇದು ನಮ್ಮದಲ್ಲ” ಎಂದರು.

ಎಲ್ಲರಿಗೂ ಹಂಚಿದ ಹಾಗೆ ಮುದುಕಿ ನನ್ನ ಅಂಗೈಯಲ್ಲೂ ಸಕ್ಕರೆ ಹಾಕಿದಳು. ಬಾಯಿಗೆ ಹಾಕಿಕೊಂಡೆ. ನನ್ನ ಕೂಸಿಗೂ ಯಾರಾದರೂ ಹೀಗೆ ಹರಕೆ ಹೊತ್ತಿದ್ದರೆ, ಅಥವಾ ಯಾರಾದರೂ ಹೀಗೆ ಬಾಯಿಂದ ಊದಿದ್ದರೆ ಎಂದು ಒಂದೇ ಉಸಿರಿನಲ್ಲಿ ಎರಡೂ ಯೋಚನೆ ಬಂದವು. ಯಾವುದನ್ನು ನಂಬಬೇಕೋ ತಿಳಿಯದೆ, ಗಿಡದ ಹಿಂದೆ ಹೋಗಿ ಅತ್ತುಬಿಟ್ಟೆ. ಮುದುಕಿಯ ಮಗಳು ಬಂದು ಏನೂ ಕೇಳದೆ ಕೂಸನ್ನು ನನ್ನ ಕೈಗೆ ಕೊಟ್ಟು ನಿಂತಳು. ಅದು ಭಾರವಾಗಿತ್ತು.

ಬೆಂಗಳೂರಿನ ಉತ್ತರ ಬೇಸಿಗೆಗೆ ಬಂತು. ನಮ್ಮ ಮನೆಯವರು ಎರಡು ಸಲ ಓದಿ ಹೇಳಿದರು. ಆಯಾ ದವಾಖಾನೆಯ ಡಾಕ್ಟರು ಒಪ್ಪಿದರೆ ನಮ್ಮ ಅಭ್ಯಂತರವಿಲ್ಲ ಎಂದು ಅದರಲ್ಲಿತ್ತು. ನಾವು ಉಬ್ಬಿ ಹಾನಗಲ್ಲಿನ ಹಿರಿಯ ಡಾಕ್ಟರ ಹತ್ತಿರ ಹೋದೆವು.

“ಮ್ಯಾಲಿನವರು ಪರವಾನಗಿ ಕೊಟ್ರ ನನ್ನ ಅಭ್ಯಂತರ ಇಲ್ಲ” ಎಂದರು.

“ಕೊಟ್ಟಾರಲ್ರಿ.”

“ಎಲ್ಲೆ ಕೊಟ್ಟಾರ? ಅಭ್ಯಂತರ ಇಲ್ಲ ಅಂದಾರ. ಅದು ಪರವಾನಗಿ ಹೆಂಗಾಗ್ತದ?”

ಶಿಗ್ಗಾಂವಿಯಲ್ಲಿ ಬೋರ್ಡಿನ ಹೆಸರೇ ಇದರಲ್ಲಿಲ್ಲ ಎಂದರು. ಸವಣೂರಿನ ತರುಣ ಡಾಕ್ಟರಿಗೆ ಆಗಲೇ ವರ್ಗವಾಗಿತ್ತು. ಹೊಸಬರು ಬಂದಿರಲಿಲ್ಲ. ಡಾಕ್ಟರಬಾಯಿ ಗಂಟುಮೂಟೆ ಕಟ್ಟುವ ಮಾತಾಡಿದರು. ಹಿರೇಕೆರೂರೊಂದು ಉಳಿದಿತ್ತು. ಬಂದದ್ದಕ್ಕೆ ಅದನ್ನೂ ನೋಡಿ ಬಿಡೋಣ ಎಂದು ಹೋದೆವು. ಅಲ್ಲಿಯ ಡಾಕ್ಟರು ದೊಡ್ಡ ದನಿಯ, ಅವಸರದ ಮನುಷ್ಯ. ನಿಂತಲ್ಲೇ ಓದಿದರು.

“ಅವರಿಗೆ ಅಭ್ಯಂತರ ಇಲ್ಲ, ನನಗೂ ಇಲ್ಲ. ಯಾರಿಗೂ ಇಲ್ಲ ಅಂದ ಮ್ಯಾಲೆ ಇನ್ಯಾರನ್ನ ಕೇಳ್ತೀರಿ? ಒಳಗ ಬರ್ರಿ, ತಕ್ಕಡಿ ಎಲ್ಲೆ ಇಡ್ತೀರಿ ನೋಡ್ರಿ.”

ಡಾಕ್ಟರಬಾಯಿ ಹೊಸ್ತಿಲಲ್ಲೇ ನಿಂತು, “ತೂಗುವ ಮೊದಲು ಬಾಣಂತಿಯರನ್ನು ಕೇಳಬೇಕು” ಎಂದರು. ನಾನು ಹೇಳಿದ್ದು ಆ ಡಾಕ್ಟರಿಗೆ ಅರ್ಥವಾಗಲಿಲ್ಲ. “ಅವರನ್ನ ಏನ್ ಕೇಳೂದೈತ್ರಿ?” ಎಂದು ನಕ್ಕರು.

ಅಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದೆವು. ಪ್ರತಿ ಸಲ ಕೇಳುವುದು ನನ್ನ ಕೆಲಸ. “ನಿನ್ನ ಕೂಸು ತೂಗಲೇನವ್ವ? ಬ್ಯಾಡಂದ್ರ ಬಿಡ್ತೇವಿ” ಎನ್ನುತ್ತಿದ್ದೆ. ಹಲವರು, “ನನ್ನ ಯಾಕ ಕೇಳ್ತೀರಿ, ನಮ್ಮತ್ತಿ ಕೇಳ್ರಿ” ಎಂದರು. ಒಬ್ಬಳು ನನ್ನ ಮಾತು ಕೇಳಿ ಗಾಬರಿಯಾಗಿ, ಕೂಸಿಗೆ ಏನಾದರೂ ಆಗಿದೆಯೇ ಎಂದು ಅಳತೊಡಗಿದಳು. ಇನ್ನೊಬ್ಬಳು ಮೇಲಿನ ಮಾಡು ನೋಡುತ್ತ ಯೋಚಿಸಿ, ಬೇಡವೆಂದಳು. ಯಾಕೆಂದು ನಾನು ಕೇಳಲಿಲ್ಲ. ಸಂಜೆ ಅವಳೇ ಕರೆದು, “ಈಗ ತೂಗ್ರಿ” ಎಂದಳು. ಆಗಲೂ ಯಾಕೆಂದು ಹೇಳಲಿಲ್ಲ. ಕೇಳಿದ್ದರಿಂದ ಅವರಿಗೆ ಒಳ್ಳೆಯದಾಯಿತೋ, ಇಲ್ಲದ ಚಿಂತೆ ಹಚ್ಚಿದೆವೋ, ನನಗೆ ಈಗಲೂ ಗೊತ್ತಿಲ್ಲ. ಆದರೆ ಕೇಳದೆ ತೂಗಲು ನನ್ನ ಕೈಯೂ ಆಮೇಲೆ ಏಳಲಿಲ್ಲ.

ಕಾಲೇಜಿನವರು ಕೊಟ್ಟಿದ್ದ ದೀರ್ಘ ರಜೆ ಮುಗಿದು ಡಾಕ್ಟರಬಾಯಿ ಪುಣೆಗೆ ಹೊರಟ ದಿನ ಹಾವೇರಿಯ ಬಸ್ಸಿನ ತನಕ ಹೋಗಿ ಕಳಿಸಿ ಬಂದೆ. “ನೀನು ‘ಹೋಗ್ರಿ’ ಅಂದಿದ್ದಕ್ಕೆ ನಾನು ಹೋದೆ, ಗೊತ್ತೇನು?” ಎಂದು ಕಿಟಕಿಯಿಂದ ಹೇಳಿದರು. ಬಸ್ಸು ಹೊರಟಿತು.

ಅಷ್ಟೆಲ್ಲ ತೂಗಿ ಏನು ತಿಳಿಯಿತೆಂದು ಒಂದೆರಡು ವರ್ಷದ ಮೇಲೆ ನಾನೇ ಬರೆದು ಕೇಳಿದೆ. ನಿಮ್ಮ ಕಡೆಯ ಕೂಸುಗಳು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಹಗುರ, ಆದರೆ ಆ ಪುಸ್ತಕದ ತೂಕವೇ ನಮಗೆ ಸರಿಯಾದ ಅಳತೆಯೋ ಅಲ್ಲವೋ ಹೇಳಲಾರೆ ಎಂದು ಬರೆದಿದ್ದರು.

ಹಿರೇಕೆರೂರಿನ ಸಂತೆಯಲ್ಲಿ ಒಮ್ಮೆ, ನಾವು ಕೂಸು ತೂಗಿದ್ದ ತಾಯಿಯೊಬ್ಬಳು ಸಿಕ್ಕಳು. ಬದನೆಕಾಯಿ ಆರಿಸುತ್ತಿದ್ದಳು. “ಅವತ್ತು ತೂಗಿದ್ರೆಲ್ಲ, ಏನ್ ಗೊತ್ತಾತ್ರಿ?” ಎಂದು ಕೇಳಿದಳು. ಡಾಕ್ಟರಬಾಯಿ ಬರೆದದ್ದನ್ನೇ ಹೇಳಿದೆ.

“ಪುಸ್ತಕದಾಗಿನ ಕೂಸು ಯಾರದ್ರಿ?” ಎಂದಳು.

ವಿಲಾಯತಿಯದೇ ಇರಬೇಕೆಂದು ಹೇಳುವಷ್ಟರಲ್ಲಿ ಅವಳ ಮಗ, ಗುಂಡಗೆ ಬೆಳೆದಿದ್ದ ಹುಡುಗ, ಬೆಂಡುಬತ್ತಾಸಿನ ಅಂಗಡಿಯ ಕಡೆ ಓಡಿದ. ಅವಳು ಬದನೆಕಾಯಿಯನ್ನು ಅಲ್ಲೇ ಚೆಲ್ಲಿ, ಅವನ ಹಿಂದೆ ಕೂಗುತ್ತ ಹೋದಳು.